ನಾಲ್ಕು ಬೆರಳ ಸಂದು

ಪೆಟ್ರೋಲಿಗೆ ರೇಷನ್ ಬಂದ ವರ್ಷ, ಶ್ರಾವಣ ಮಾಸದ ಒಂದು ಸೋಮವಾರ, ನನ್ನ ಸೋದರಮಾವ ಮಧುಗಿರಿಯಲ್ಲಿ ಒಂದು ಬಸ್ಸು ಕೊಂಡರು. ಬಸ್ಸಿಗೆ ಎಂಜಿನ್ ಇರಲಿಲ್ಲ. ಇಲ್ಲವೆಂದು ನೋಡಿಯೇ ಕೊಂಡರು.

ನಾಲ್ಕು ತಾಲ್ಲೂಕಿನಲ್ಲಿ ಮಾವನಷ್ಟು ಬುದ್ಧಿವಂತರು ಇನ್ನೊಬ್ಬರಿಲ್ಲ ಎಂದು ನಾನು ಮೊದಲಿನಿಂದ ಹೇಳುತ್ತ ಬಂದಿದ್ದೇನೆ. ಇನ್ನೊಬ್ಬರಿದ್ದರೆ ನಾಲ್ಕು ತಾಲ್ಲೂಕು ತಡೆದುಕೊಳ್ಳುತ್ತಿತ್ತೇ ಎಂಬುದು ಬೇರೆ ಪ್ರಶ್ನೆ!

ಮಾವ ಶಿರಾದಲ್ಲಿ ಕಡಲೆಕಾಯಿ ವ್ಯಾಪಾರಿ. ಮನೆ ಮಂಡಿಯ ಬೀದಿಯಲ್ಲೇ. ಬಾಗಿಲು ತೆರೆದರೆ ಸಿಪ್ಪೆಯ ಧೂಳು, ಮುಚ್ಚಿದರೆ ಒಲೆಯ ಹೊಗೆ. ಆ ಯುಗಾದಿಯಿಂದ ಅತ್ತೆಗೆ ಕೆಮ್ಮು ಹಿಡಿದು ಹಾಸಿಗೆಯಿಂದ ಏಳದಂತಾಗಿತ್ತು. ತುಮಕೂರಿನ ಡಾಕ್ಟರು ಎದೆ ಪರೀಕ್ಷಿಸಿ, ಹಗಲೂ ರಾತ್ರಿ ಗಾಳಿಯಾಡುವ ಕಡೆ ಮಲಗಿಸಬೇಕು, ಮುಚ್ಚಿದ ಕೋಣೆ ಕೂಡದು, ಹಾಸಿಗೆಗೆ ಒಂದು ಹನಿ ತೇವ ತಾಕಕೂಡದು ಎಂದರು. ಆಮೇಲೆ ಮಾವನನ್ನು ಪಕ್ಕಕ್ಕೆ ಕರೆದು, ಈ ಮಳೆಗಾಲವನ್ನು ನೆನೆಯದೆ ದಾಟಿದರೆ ಉಳಿಯುತ್ತಾರೆ ಎಂದರು. ನಾನು ಜೊತೆಯಲ್ಲಿದ್ದೆ. ಡಾಕ್ಟರು ಹೇಳಿದ್ದು ಅಷ್ಟೇ.

ಬೇರೆಯವರಾಗಿದ್ದರೆ ಊರಾಚೆ ಒಂದು ಗುಡಿಸಲು ಹಾಕಿಸುತ್ತಿದ್ದರು. ಮಾವ ಬಸ್ಸು ಕೊಂಡರು. ಯಾಕೆ ಎಂದು ಕೇಳಿದೆ.

"ಗುಡಿಸ್ಲಿಗೆ ಎಷ್ಟು ಕಿಟಕಿ ಇಡ್ತಾರೆ?"

"ಎರಡು."

"ಇದಕ್ಕೆ ಹದಿನಾಲ್ಕು ಕಣ್ಲಾ."



ಬಸ್ಸನ್ನು ಸಿದ್ದರಬೆಟ್ಟದ ತಪ್ಪಲಿನಲ್ಲಿದ್ದ ಮಾವನ ಹೊಲಕ್ಕೆ ಸಾಗಿಸಲು ಎರಡು ಜೊತೆ ಎತ್ತು ಕಟ್ಟಿದರು. ಎತ್ತು ಹೊಡೆಯುವವನು ಮುಂದೆ ನಡೆದ. ಮಾವ ಡ್ರೈವರ್ ಸೀಟಿನಲ್ಲಿ ಕುಳಿತು, ರುಮಾಲು ಸರಿಮಾಡಿಕೊಂಡು, ತಿರುವು ಬಂದಲ್ಲೆಲ್ಲ ಸ್ಟೀರಿಂಗ್ ತಿರುಗಿಸುತ್ತ ರಬ್ಬರ್ ಹಾರನ್ ಒತ್ತುತ್ತ ಬಂದರು. ಹಾರನ್ ಕೇಳಿದಾಗಲೆಲ್ಲ ಎತ್ತುಗಳು ಬೆಚ್ಚಿ ನಿಲ್ಲುತ್ತಿದ್ದವು. ಕೊರಟಗೆರೆ ದಾಟುವ ಹೊತ್ತಿಗೆ ಮಾವ ಅದನ್ನೇ ಬ್ರೇಕಾಗಿ ಬಳಸಿಕೊಳ್ಳುವುದನ್ನು ಕಲಿತಿದ್ದರು. ಕೊಳಾಲದ ಕಡೆಯಿಂದ ಬರುತ್ತಿದ್ದ ನಾಲ್ಕು ಮಂದಿ ಕೈ ಅಡ್ಡ ಹಿಡಿದು ನಿಲ್ಲಿಸಿ, ಮೂಟೆ ಸಮೇತ ಹತ್ತಿ ಕುಳಿತರು. ಅವರನ್ನು ಇಳಿಸಲು ಮಾವನಿಗೆ ಮನಸ್ಸು ಬರಲಿಲ್ಲ. ಅವರು ಹೋಗಬೇಕಾಗಿದ್ದದ್ದು ಬೇರೆ ದಿಕ್ಕಿಗೆ ಎಂದು ಗೊತ್ತಾದದ್ದು ಹೊಲ ತಲುಪಿದ ಮೇಲೆ.

ಬಸ್ಸು ನೆಲೆ ನಿಂತಿತು. ಮೊದಲ ಮಧ್ಯಾಹ್ನವೇ ಅದರ ತಗಡು ಹೆಂಚಿನಂತೆ ಕಾಯಿತು. ಕಿಟಕಿ ಮುಚ್ಚಿದರೆ ಅತ್ತೆಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮಾವ ಬಸ್ಸಿನ ಪಕ್ಕಕ್ಕೆ ಒಂದು ಟಾರ್ಪಾಲಿನ ಚಪ್ಪರ ಎಳೆದರು. ಒಂದಂಚು ಬಸ್ಸಿನ ನೆತ್ತಿಯ ಲಗೇಜು ಕಂಬಿಗೆ, ಇನ್ನೊಂದಂಚು ಎರಡು ಬಿದಿರಿಗೆ. ಅತ್ತೆಯ ಮಂಚ ಚಪ್ಪರದ ಕೆಳಗೆ, ಬಸ್ಸಿಗೆ ಒತ್ತಿಕೊಂಡು. ಗಾಳಿ ಬೇಕಾದಷ್ಟು. ಮೂರು ದಿನದಲ್ಲಿ ಅತ್ತೆ ಎದ್ದು ಕುಳಿತು ಎರಡು ತುತ್ತು ಹೆಚ್ಚು ಉಂಡರು. ನಾನು ಮಾವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಾಲ್ಕನೆಯ ದಿನ ಒಂದು ಹದ ಮಳೆ ಬಂತು.

ಕಂಬಿಗೂ ಬಸ್ಸಿನ ಮೈಗೂ ನಡುವೆ ಒಂದು ಸಂದು ಇತ್ತು. ನಾನೇ ಅಳೆದೆ: ನಾಲ್ಕು ಬೆರಳು. ಬಸ್ಸಿನ ನೆತ್ತಿ ಕಮಾನಿನ ಹಾಗೆ ಬಾಗಿದ್ದರಿಂದ ಅದರ ಮೇಲೆ ಬಿದ್ದ ನೀರೆಲ್ಲ ಆ ಸಂದಿಗೇ ಬಂದು, ನೇರ ಅತ್ತೆಯ ತಲೆದಿಂಬಿಗೆ ಇಳಿಯಿತು. ಮಂಚವನ್ನು ಆಚೆ ಸರಿಸಿದರೆ ಇರಚಲು. ಅಂದು ಅತ್ತೆ ಸಂಜೆಯವರೆಗೂ ಕೆಮ್ಮಿದರು.

ಇಲ್ಲಿ ಅತ್ತೆಯ ಒಂದು ವಿಷಯ ಹೇಳಬೇಕು. ಅವರು ಪಾವಗಡದ ಕಡೆಯವರು. ಯಾರಾದರೂ ಎದುರಿಗಿದ್ದಾಗ ಗಂಡನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ. ಏನಿದ್ದರೂ ಎದುರಿಗಿದ್ದವರ ಮೂಲಕ. ಅಂದು ಎದುರಿಗಿದ್ದವನು ನಾನು. ಮಾವ ಎರಡು ಮಾರು ದೂರದಲ್ಲಿದ್ದರು.

"ನಿಮ್ಮಾವಂಗೆ ಹೇಳಪ್ಪ, ಶಿರಾದ ಮನೆ ಸೋರ್ತಿರಲಿಲ್ಲ ಅಂತ."

"ನಿಮ್ಮತ್ತೆಗೆ ಹೇಳ್ಲಾ," ಎಂದರು ಮಾವ, "ಉತ್ತರೆ ಮಳೆ ಒಳಗೆ ಸಂದು ಮುಚ್ತೀನಿ ಅಂತ."

ನಾನು ಎರಡನ್ನೂ ತಲುಪಿಸಿದೆ.

ಮೊದಲು ಜೇಡಿಮಣ್ಣು, ಸಗಣಿ. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಗಾಳಿ ಬಂದರೆ ಟಾರ್ಪಾಲು ಆಡುತ್ತದೆ, ಬಸ್ಸು ಆಡುವುದಿಲ್ಲ. ಮಾರನೆಯ ದಿನವೇ ಮಣ್ಣು ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ಅತ್ತೆಯ ಗಂಜಿಗೆ ಬಿತ್ತು. ಆಮೇಲೆ ತೆಂಗಿನ ನಾರಿಗೆ ಹೊಂಗೆ ಎಣ್ಣೆ ಹಾಕಿ ತುರುಕಿದರು. ನೀರು ನಿಲ್ಲಲಿಲ್ಲ, ಎಣ್ಣೆಯೂ ಅದರ ಜೊತೆ ಇಳಿಯಿತು.

ಮೂರನೆಯದು ಮಾವನ ಬುದ್ಧಿಯ ಶಿಖರ. ಕಡಲೆಕಾಯಿ ವ್ಯಾಪಾರಿಗೆ ಲೋಕದಲ್ಲಿ ಹಿಂಡಿಯಿಂದ ಆಗದ ಕೆಲಸವಿಲ್ಲ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿಯನ್ನು ಮಾವ ಎರಡು ದಿನ ನೆನೆಸಿದರು. ಅದಕ್ಕೆ ಬೆಲ್ಲದ ಪಾಕ ಸೇರಿಸಿದರು, ಹುಣಸೆ ಬೀಜದ ಗಂಜಿ ಸೇರಿಸಿದರು. ಒರಳಲ್ಲಿ ಕುಟ್ಟಿದರು. ಏಣಿ ಹತ್ತಿ ಸಂದಿನ ಉದ್ದಕ್ಕೂ ಮೆತ್ತಿ ನಾಲ್ಕು ದಿನ ಒಣಗಲು ಬಿಟ್ಟರು. ಕಲ್ಲಾಗಿತ್ತು! ಐದನೆಯ ದಿನ ನಾವಿಬ್ಬರೂ ಸೇರಿ ಬಸ್ಸಿನ ನೆತ್ತಿಗೆ ಇಪ್ಪತ್ತು ಕೊಡ ನೀರು ಸುರಿದೆವು. ಕೆಳಗೆ ಹನಿಯೂ ಇಲ್ಲ. ಅತ್ತೆಯನ್ನು ಬಸ್ಸಿನೊಳಗೆ ಕೂರಿಸಿ, ನಾನು ಬರಿಮಂಚದ ಮೇಲೆ ಒಣ ಸುಣ್ಣದ ಪುಡಿ ಉದುರಿಸಿ ಪರೀಕ್ಷಿಸಿದ್ದೇನೆ, ಹನಿಯೂ ಇಲ್ಲ. ಮಾವ ಏಣಿಯ ಮೇಲೆ ನಿಂತು ಬೆಟ್ಟದ ಕಡೆ ನೋಡಿದ ಆ ನೋಟವನ್ನು ನಾನು ಮರೆತಿಲ್ಲ. ಸೇತುವೆ ಕಟ್ಟಿದ ಎಂಜಿನಿಯರು ಸಹ ಹಾಗೆ ನಿಲ್ಲಲಾರರು.

ಮಾರನೆಯ ಬೆಳಿಗ್ಗೆ ಹನ್ನೊಂದು ಆಡುಗಳು ಬಸ್ಸಿನ ಮೂತಿ ಹತ್ತಿ, ಅಲ್ಲಿಂದ ನೆತ್ತಿಗೆ ಹಾರಿ, ಇಡೀ ಸಂದನ್ನು ತಿಂದು ಮುಗಿಸಿದ್ದವು. ಬೆಲ್ಲ ಹಾಕಿದ ಹಿಂಡಿ! ಯಾವ ಆಡು ಬಿಟ್ಟೀತು?

ಆಡುಗಳ ಹಿಂದೆ ಈರಜ್ಜ ಬಂದ. ಪಕ್ಕದ ಹಟ್ಟಿಯ ಮುದುಕ, ಕಂಬಳಿ ನೇಯುವವನು. ಆಡನ್ನು ಇಳಿಸುವುದು ಬಿಟ್ಟು, ಏಣಿ ಹತ್ತಿ ಸಂದಿನಲ್ಲಿ ಕೈಯಾಡಿಸಿ ನಿಧಾನವಾಗಿ ನೋಡಿದ.

"ಸಾಮಿ, ಇದ್ಯಾವ ಹಬ್ಬದಡುಗೆ?"

ಮಾವ ಮುಖ ಗಂಟಿಕ್ಕಿ ಎಲ್ಲವನ್ನೂ ಹೇಳಿದರು. ಡಾಕ್ಟರ ಮಾತನ್ನೂ ಹೇಳಿದರು, ದನಿ ತಗ್ಗಿಸಿ. ಈರಜ್ಜ ಹೆಗಲ ಮೇಲಿನ ಕಂಬಳಿ ತೆಗೆದು ಬಿಸಿಲಿಗೆ ಹಿಡಿದ. ಅದರ ನಡುವೆ ಉದ್ದಕ್ಕೂ ಒಂದು ಹೊಲಿಗೆ ಇತ್ತು.

"ನಮ್ ಮಗ್ಗದ ಅಗಲ ಇಷ್ಟೇಯ. ಎರಡು ಪಟ್ಟಿ ನೇಯ್ದು ಕೂಡ್ಸಿ ಹೊಲೀತೀವಿ. ನಲವತ್ತು ವರ್ಸ ಮಳೇಲಿ ಕುರಿ ಕಾದಿವ್ನಿ, ಈ ಹೊಲಿಗೇಲಿ ನೀರು ಬಂದಿಲ್ಲ. ಯಾಕೆಂದ್ರೆ ಬಿಗಿಯಾಗಿ ಹೊಲ್ದಿಲ್ಲ. ನೀವು ಬಿಗೀತೀರಿ, ಅದಕ್ಕೇ ಬಿರೀತದೆ. ಸಂದು ಮುಚ್ಬ್ಯಾಡಿ. ಅದರ ಮ್ಯಾಲೆ ಒಂದು ಪಟ್ಟಿ ಸಡಿಲಾಗಿ ಹೊದಿಸ್ಬುಡಿ."

ನಾಲ್ಕು ತಾಲ್ಲೂಕಿನ ಏಕೈಕ ಬುದ್ಧಿವಂತರು ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ತಮ್ಮ ಪಕ್ಕ ಈರಜ್ಜನಿಗೆ ಜಾಗ ಮಾಡಿಕೊಟ್ಟು, "ನೇಯಿ," ಎಂದರು.

ಬಸ್ಸಿನ ಉದ್ದಕ್ಕೆ ಪಟ್ಟಿ ನೇಯುವುದೆಂದರೆ ಒಂದೆರಡು ದಿನದ ಮಾತೇ? ಉತ್ತರೆ ಮಳೆ ಪುಣ್ಯಕ್ಕೆ ಹುಸಿ ಹೋಯಿತು. ಅದರ ಹಿಂದೆ ಹಸ್ತ ಮಳೆ ಹುಟ್ಟಿತು. ಪಟ್ಟಿ ಮುಗಿದು, ಈರಜ್ಜ ದಬ್ಬಳ ಹಿಡಿದು ಬಸ್ಸಿನ ನೆತ್ತಿಯ ಮೇಲೆ ಕುಳಿತು ಒಂದು ಕೊನೆಯಿಂದ ಅದನ್ನು ಟಾರ್ಪಾಲಿಗೆ ಹೊಲಿಯತೊಡಗಿದ. ಅರ್ಧ ಹೊಲಿದಿದ್ದ. ಇನ್ನರ್ಧ, ಅಂದರೆ ಮಂಚದ ನೇರಕ್ಕಿದ್ದ ಅರ್ಧ, ಬಾಕಿ ಇತ್ತು. ಮಧ್ಯಾಹ್ನ ಮೂರು ಗಂಟೆಗೆ ಬೆಟ್ಟದ ಹಿಂದಿನಿಂದ ಮೋಡ ಎದ್ದಿತು.

ಹೊಲಿಯದ ಪಟ್ಟಿಯನ್ನು ಗಾಳಿ ಬಾವುಟದ ಹಾಗೆ ಎತ್ತಿ ಹಿಡಿಯಿತು. ಮಾವ ಏಣಿ ಹತ್ತಿದರು. ಪಟ್ಟಿಯನ್ನು ಸಂದಿನ ಮೇಲೆ ಎಳೆದು, ಅದು ಏಳದಂತೆ ಅದರ ಮೇಲೆ ಉದ್ದಕ್ಕೆ ಬೋರಲು ಮಲಗಿದರು. ಒಂದು ಕೈ ಕಂಬಿಗೆ, ಒಂದು ಕೈ ಪಟ್ಟಿಯ ಅಂಚಿಗೆ. ಆಮೇಲೆ ಮಳೆ ಬಂತು. ಈರಜ್ಜ ಒಂದು ಹೊಲಿಗೆಯನ್ನೂ ಬಿಡದೆ ಮಾವನ ಕಡೆಗೆ ಹೊಲಿಯುತ್ತ ಬಂದ. ಅವನು ಒಂದು ಗೇಣು ಹೊಲಿದರೆ ಮಾವ ಒಂದು ಗೇಣು ಹಿಂದಕ್ಕೆ ಜರುಗುತ್ತಿದ್ದರು. ನಾನು ಕೆಳಗೆ ಮಂಚದ ಬಳಿ ನಿಂತು ತಲೆದಿಂಬಿನ ಮೇಲೆ ಕೈಯಿಟ್ಟು ನೋಡುತ್ತಿದ್ದೆ.

"ಸೋರ್ತದೇನ್ಲಾ?"

"ಇಲ್ಲ ಮಾವ."

"ಸರ್ಯಾಗಿ ನೋಡ್ಲಾ."

ಅತ್ತೆ ಟಾರ್ಪಾಲಿನಲ್ಲಿ ಮೂಡಿದ್ದ ಮಾವನ ಮೊಣಕೈಯ ಗುರುತನ್ನೇ ನೋಡುತ್ತಿದ್ದರು. ಸುಮಾರು ಒಂದು ಗಂಟೆ ಹೊತ್ತು. ನಿಮ್ಮಾವಂಗೆ ಹೇಳಪ್ಪ ಎಂದು ಶುರುಮಾಡಿ ಎರಡು ಸಲ ನಿಲ್ಲಿಸಿದರು. ಮೂರನೆಯ ಸಲ ನನ್ನ ಕಡೆ ತಿರುಗಲೇ ಇಲ್ಲ. ತಲೆಯೆತ್ತಿ, ತಮ್ಮ ತವರಿನ ತೆಲುಗು ಬೆರೆಸಿ, ನೇರ ಮಾವನಿಗೇ ಹೇಳಿದರು.

"ಚಾಲು. ದಿಗಂಡಿ. ನಾನು ಒಣಗೇ ಇದೀನಿ."

ಸಾಕು, ಇಳಿಯಿರಿ ಎಂದರೂ ಮಾವ ಇಳಿಯಲಿಲ್ಲ. ಕೊನೆಯ ಗೇಣು ಹೊಲಿದಾದ ಮೇಲೆ ಈರಜ್ಜನೇ ಅವರನ್ನು ಹಿಡಿದು ಇಳಿಸಿದ. ಕೈಬೆರಳು ಮಡಿಚಿದ್ದು ಮಡಿಚಿದ ಹಾಗೇ ಇದ್ದವು. ಹಲ್ಲು ಕಟಕಟ ಎನ್ನುತ್ತಿತ್ತು. ಬಸ್ಸಿನ ಕಿಟಕಿಗಳನ್ನು ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ, ಹದಿನಾಲ್ಕರಲ್ಲೂ ನೀರು ನುಗ್ಗಿತ್ತು. ಆ ಹೊಲದಲ್ಲಿ ಒಣಗಿದ್ದ ಜಾಗ ಒಂದೇ. ಅತ್ತೆ ಮಂಚದಿಂದ ಕಾಲು ಕೆಳಗಿಟ್ಟರು, ಎದ್ದು ನಿಂತರು, ಮಾವನನ್ನು ಅಲ್ಲಿ ಮಲಗಿಸಿ ತಮ್ಮ ಹೊದಿಕೆ ಹೊದಿಸಿದರು. ನನ್ನನ್ನು ಸೌದೆಗೆ ಕಳಿಸಿದರು. ಗಂಜಿ ಅವರೇ ಕಾಯಿಸಿದರು. ಯುಗಾದಿಯ ನಂತರ ಅವರು ಒಲೆಯ ಮುಂದೆ ಕುಳಿತದ್ದು ಅಂದೇ.

ಮಾವನ ಜ್ವರ ಒಂಬತ್ತು ದಿನ ಇತ್ತು. ಅತ್ತೆ ಆಮೇಲೆ ಹಗಲು ಮಲಗಲಿಲ್ಲ. ದೀಪಾವಳಿಗೆ ನಾನು ಹೋದಾಗ ಇಬ್ಬರೂ ಹೊಲದಲ್ಲಿ ಎದುರುಬದುರು ಕುಳಿತು ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಬಿಡಿಸಿದ ಕಾಯಿಯನ್ನು ಮಂಚದ ಮೇಲೆ ಹರಡಿದ್ದರು.