ಹತ್ತು ಕಿಲೋಮೀಟರ್ ಓಡಿ ಎರಡು ಕಿಲೋ ಹೆಚ್ಚಾದ ಬಗ್ಗೆ

ದಕ್ಷಿಣ ತೈವಾನಿನ ಛಿಂಗ್‌ಪೋ ಪಟ್ಟಣದ ಅನಾನಸ್ ಓಟ ಸಮಿತಿಯ ಸನ್ಮಾನ್ಯ ಅಧ್ಯಕ್ಷರಾದ ಶ್ರೀ ಲೈ ಚಿನ್-ಫಾ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಊರಿನ ಅನಾನಸ್ ತೋಟಗಳೂ ಕ್ಷೇಮವೆಂದು ನಂಬಿ, ಪಕ್ಕದ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ತು ಬಿಂಗ್-ಖುನ್ ಎಂಬ ನಾನು, ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು ಕುಳಿತು ಗೌರವಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಭಾನುವಾರ ತಮ್ಮ ಸಮಿತಿ ನಡೆಸಿದ ಹತ್ತು ಕಿಲೋಮೀಟರ್ ಓಟದಲ್ಲಿ ನನಗೆ ಯಾರೂ ಯಾವ ಕೊರತೆಯನ್ನೂ ಮಾಡಲಿಲ್ಲ. ನನ್ನ ದೂರು ಅದೇ.

ನಾನು ತಮ್ಮಲ್ಲಿಗೆ ಬಂದದ್ದು ಊಟಕ್ಕಲ್ಲ, ಅಭ್ಯಾಸಕ್ಕೆ. ಡಿಸೆಂಬರಿನಲ್ಲಿ ನಗರದಲ್ಲಿ ನಡೆಯುವ ಪೂರ್ಣ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ. ನನ್ನ ವಯಸ್ಸಿನವರು ಅದಕ್ಕೆ ಮೊದಲು ಇಂಥ ಸಣ್ಣ ಓಟಗಳಲ್ಲಿ ಕಾಲು ಪಳಗಿಸಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ತೊಡಕೇನೆಂದರೆ, ಮ್ಯಾರಥಾನಿನ ದಿನವೇ ನನ್ನ ಅತ್ತೆಯವರ ಎಂಬತ್ತನೆಯ ಹುಟ್ಟುಹಬ್ಬ. ನನ್ನ ಹೆಂಡತಿ ಬಿ-ಯುನ್ ಅಂಗಡಿಯಲ್ಲಿ ಗಾಜು ಒರೆಸುತ್ತಲೇ ತೀರ್ಪು ಕೊಟ್ಟಳು. "ಛಿಂಗ್‌ಪೋದಲ್ಲಿ ಎಲ್ಲೂ ನಿಲ್ಲದೆ ಓಡಿ ಬನ್ನಿ, ಡಿಸೆಂಬರಿಗೆ ನಿಮ್ಮನ್ನ ಬಿಟ್ಟುಬಿಡ್ತೀನಿ. ಅಮ್ಮನಿಗೆ ಏನೋ ಒಂದು ಹೇಳಿದ್ರಾಯ್ತು. ಒಂದು ಕಡೆ ನಿಂತ್ರೂ ಅಷ್ಟೇ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಅಮ್ಮನ ಪಕ್ಕ ಕೂತ್ಕೋಬೇಕು."

ಅತ್ತೆಯವರ ಪಕ್ಕ ಕುಳಿತು ಉಂಡವರಿಗೆ ಮಾತ್ರ ಈ ಶಿಕ್ಷೆಯ ತೂಕ ಗೊತ್ತು. ಅವರ ಕಣ್ಣಿಗೆ ಖಾಲಿ ಬಟ್ಟಲು ಎಂಬ ವಸ್ತು ಈವರೆಗೆ ಬಿದ್ದಿಲ್ಲ. ಆದ್ದರಿಂದ ನಾನು ಬೇಸಿಗೆಯಿಡೀ ಬೇಯಿಸಿದ ಮೊಟ್ಟೆಯ ಬಿಳಿಭಾಗ ತಿಂದುಕೊಂಡು, ಗಿರಾಕಿಗಳೆದುರು ಹೊಟ್ಟೆ ಗುರುಗುಟ್ಟಿದಾಗ ಹಳೆಯ ಫ್ಯಾನಿನ ಮೇಲೆ ತಪ್ಪು ಹೊರಿಸಿಕೊಂಡು, ತಮ್ಮ ಓಟಕ್ಕೆ ತಯಾರಾದೆ.

ಮಾನ್ಯರೇ, ಆರಂಭ ಭವ್ಯವಾಗಿತ್ತು. ಮೊದಲ ನೀರಿನ ಟೇಬಲಿನವರೆಗೆ ನಾನು ಜಿಂಕೆಯಂತಲ್ಲದಿದ್ದರೂ ಗಂಭೀರವಾದ ಎಮ್ಮೆಯಂತೆ ಓಡಿದೆ. ನೀರಿನ ಟೇಬಲ್ ಎಂದು ತಮ್ಮ ನಕ್ಷೆಯಲ್ಲಿತ್ತು; ಅಲ್ಲಿದ್ದದ್ದು ತಮ್ಮ ರೈತ ಸಂಘದ ಮಹಿಳಾ ಅಡುಗೆ ತಂಡ. ಅವರು ನೀಡಿದ ಒಂದು ತುಂಡು ಅನಾನಸನ್ನು ಮರ್ಯಾದೆಗೆಂದು ಓಡುತ್ತಲೇ ಬಾಯಿಗೆ ಹಾಕಿಕೊಂಡೆ. ಬೆನ್ನ ಹಿಂದೆ ಒಬ್ಬಾಕೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಎಪ್ಪತ್ತಮೂರನೇ ನಂಬರಿನ ಅಣ್ಣ ತಿಂತಾರೆ. ಆ ಕಡೆ ರೆಡಿಯಾಗಿರಿ."

ಮುಂದಿನ ಟೇಬಲಿನಲ್ಲಿ ನನ್ನ ನಂಬರು ಕೂಗಿಕೊಂಡೇ ಸಾಸೇಜು ಸುಡುತ್ತಿದ್ದರು. ಅದರ ಮುಂದೆ ಶುಂಠಿ ಪಾಕದ ಬಿಸಿ ತೋಫು. ಅದರ ಮುಂದೆ ಅಂಟಕ್ಕಿಯ ಕಡುಬು. ನಿಲ್ಲಬಾರದೆಂಬ ಶರತ್ತಿಗೆ ಬದ್ಧನಾಗಿ ನಾನು ಪ್ರತಿಯೊಂದು ಕಡೆಯೂ ನಿಂತಲ್ಲೇ ಕಾಲು ಕುಣಿಸುತ್ತ ತಿಂದೆ. ಕಡಲೆಕಾಯಿ ಸೂಪಿನ ಟೇಬಲಿನಲ್ಲಿ, ರಬ್ಬರ್ ಬೂಟು ತೊಟ್ಟ ದಪ್ಪ ಮಹಿಳೆಯೊಬ್ಬರು ನನ್ನನ್ನು ಮರುಕದಿಂದ ನೋಡಿದರು.

"ಅಣ್ಣ, ಹಿಂಗೆ ಕುಣೀತಾ ಕುಡಿದ್ರೆ ಸೂಪೆಲ್ಲ ಎದೆ ಮೇಲೆ ಚೆಲ್ಲುತ್ತೆ. ನೀವು ಓಡಿ, ನಾನು ಹಿಡ್ಕೊಂಡು ಬರ್ತೀನಿ."

ಹಾಗೆಂದವರು ಬಟ್ಟಲು ಹಿಡಿದು ನನ್ನ ಪಕ್ಕದಲ್ಲಿ ಓಡಿ ಬಂದರು. ಏರುದಾರಿಯಲ್ಲಿ ನನಗಿಂತ ಮುಂದೆಯೇ ಹೋದರು. ಒಂದು ಹನಿ ತುಳುಕಿಸಲಿಲ್ಲ. ತಿರುವಿನಲ್ಲಿ ನಿಂತು, "ಬೇಗ ಬನ್ನಿ, ಆರಿಹೋಗುತ್ತೆ" ಎಂದು ಕರೆದರು. ಇಂಥ ಪ್ರತಿಭೆಯನ್ನು ಒಲೆಯ ಮುಂದೆ ಕೂರಿಸಿ ನನ್ನಂಥವನಿಗೆ ನಂಬರು ಅಂಟಿಸಿದ ತಮ್ಮ ಸಮಿತಿಯ ದೂರದೃಷ್ಟಿಗೆ ನಮಸ್ಕಾರ.

ಇಷ್ಟಾದರೂ ನಾನು ನಿಂತಿರಲಿಲ್ಲ. ಗುರಿಗೆರೆ ಕಣ್ಣಿಗೆ ಬಿತ್ತು. ಅಲ್ಲಿ ಬಿ-ಯುನ್ ಕೈಕಟ್ಟಿ ನಿಂತಿದ್ದೂ ಕಂಡಿತು. ಗೆರೆಗೆ ಸ್ವಲ್ಪ ಮೊದಲು ಕೊನೆಯ ಟೇಬಲ್. ಅದರ ಹಿಂದೆ, ಹೂವಿನ ಏಪ್ರನ್ ಕಟ್ಟಿಕೊಂಡು, ಎಳ್ಳೆಣ್ಣೆಯ ಕೋಳಿ ಸಾರಿನ ಪಾತ್ರೆಗೆ ಸೌಟು ಹಾಕಿ ನಿಂತವರು ನನ್ನ ಅತ್ತೆ. ಅಳಿಯ ಓಡುತ್ತಾನೆಂದು ಕೇಳಿ, ಬೆಟ್ಟದ ಮೇಲಿನ ಹಳ್ಳಿಯಿಂದ ಯಾರದೋ ಸ್ಕೂಟರಿನ ಹಿಂದೆ ಪಾತ್ರೆ ತಬ್ಬಿಕೊಂಡು ಬಂದಿದ್ದರಂತೆ.

"ಬಾಣಂತಿಗೆ ಕೊಡೋ ಸಾರು ಇದು," ಎಂದರು. "ನಿನ್ನ ಮುಖ ನೋಡಿದ್ರೆ ಈಗ್ತಾನೇ ಹೆತ್ತವನ ಥರ ಇದೀಯ. ಕೂತ್ಕೋ."

ಸ್ಟೂಲು ಎಳೆದರು. ಕುಳಿತುಬಿಟ್ಟೆ. ಸಾರಿನ ಆಸೆಗಲ್ಲ, ಅಷ್ಟು ದೂರದಿಂದ ಪಾತ್ರೆ ಹೊತ್ತು ಬಂದವರಿಗೆ ಬೇಡವೆನ್ನಲಾಗದೆ. ಅಕ್ಕಿ ಮದ್ಯ ಅದರಲ್ಲಿ ಧಾರಾಳವಾಗಿತ್ತು. ಎರಡನೆಯ ಬಟ್ಟಲಿನ ಹೊತ್ತಿಗೆ ನನ್ನ ನಾಲಿಗೆ ಸಡಿಲವಾಗಿ ಮ್ಯಾರಥಾನು, ಹುಟ್ಟುಹಬ್ಬ, ಶರತ್ತು ಎಲ್ಲವನ್ನೂ ಒದರಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಶುಂಠಿಯ ಖಾರಕ್ಕೆಂದು ದಾಖಲಿಸಿಕೊಳ್ಳಬೇಕಾಗಿ ಕೋರಿಕೆ.

ಅತ್ತೆ ಸೌಟು ಕೆಳಗಿಟ್ಟರು. "ನನ್ನ ಹುಟ್ಟುಹಬ್ಬ ಹೇಗೆ ಮಾಡ್ಬೇಕು ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ? ಹೋಟೆಲಿಗೆ ಕರ್ಕೊಂಡು ಹೋಗಿ, ಕೆಂಪು ಜಾಕೀಟು ತೊಡಿಸಿ, ಗೊಂಬೆ ಹಾಗೆ ಕೂರಿಸ್ತಾರೆ. ಒಲೆ ಹತ್ರಾನೂ ಬಿಡಲ್ಲ. ನಿನಗೆ ಆ ಓಟದಲ್ಲಿ ಎಲ್ಲಿ ಕಾಲು ಸೋಲುತ್ತೆ?"

"ಮೂವತ್ತನೇ ಕಿಲೋಮೀಟರ್ ಹತ್ರ ಎಲ್ಲರಿಗೂ ಸೋಲುತ್ತಂತೆ, ಅಮ್ಮ."

"ಹಂಗಾದ್ರೆ ಹುಟ್ಟುಹಬ್ಬದ ದಿನ ಅಲ್ಲೇ ಒಲೆ ಹೂಡ್ತೀನಿ."

ಶಿಕ್ಷೆ ಜಾರಿ ಮಾಡಲು ಬಿ-ಯುನ್ ಬಿರಬಿರನೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನೀನು ಅವತ್ತಿಗೆ ಹುಟ್ಟುಹಬ್ಬದ ದೀರ್ಘಾಯುಷ್ಯದ ಶ್ಯಾವಿಗೆ ಮಾಡು. ಹೋದ ವರ್ಷದ ಹಾಗೆ ಮುದ್ದೆ ಮಾಡ್ಬೇಡ." ಶಿಕ್ಷೆಯನ್ನು ಅಲ್ಲಿಗೇ ಬಿಟ್ಟು ಅವಳೂ ಒಂದು ಬಟ್ಟಲು ಹಿಡಿದು ನನ್ನ ಪಕ್ಕ ಕುಳಿತಳು. ನಾನು ಗುರಿಗೆರೆ ದಾಟುವಾಗ ತಮ್ಮವರು ಅದರ ಮೇಲೆ ಬಲೂನಿನಂತೆ ಉಬ್ಬಿಸಿ ನಿಲ್ಲಿಸಿದ್ದ ಕಮಾನಿನ ಗಾಳಿ ಬಿಡುತ್ತಿದ್ದರು. ಬಗ್ಗಿಕೊಂಡು ದಾಟಿದೆ.

ಈಗ ತಮ್ಮ ಇಡೀ ಅಡುಗೆ ತಂಡ ಅತ್ತೆಯವರ ಜೊತೆ ಡಿಸೆಂಬರಿಗೆ ಬಸ್ಸು ಗೊತ್ತುಮಾಡಿದೆ. ಆದ್ದರಿಂದ ಮಾನ್ಯರು ದಯವಿಟ್ಟು ಅಷ್ಟರೊಳಗೆ ಅವರೆಲ್ಲರಿಗೂ ಅಡುಗೆ ಮರೆತುಹೋಗುವಂತೆ ಆದೇಶ ಹೊರಡಿಸಬೇಕು. ಸಾಧ್ಯವಾಗದಿದ್ದರೆ ಮೂವತ್ತನೆಯ ಕಿಲೋಮೀಟರನ್ನೇ ಮ್ಯಾರಥಾನಿನಿಂದ ತೆಗೆಸಿ ಇಪ್ಪತ್ತೊಂಬತ್ತರ ನಂತರ ನೇರವಾಗಿ ಮೂವತ್ತೊಂದು ಬರುವಂತೆ ಸಂಬಂಧಪಟ್ಟವರಿಗೆ ಬರೆಯಬೇಕು. ಅದೂ ಆಗದಿದ್ದರೆ ಬಿಡಿ. ಎಂಬತ್ತು ತುಂಬಿದ ಹೆಂಗಸು ರಸ್ತೆ ಬದಿಯಲ್ಲಿ ಒಲೆ ಹೂಡಿಕೊಂಡು ನನ್ನ ದಾರಿ ನೋಡುತ್ತಿರುವಾಗ, ಕಾಲು ಸೋತರೂ ತೆವಳಿಕೊಂಡಾದರೂ ನಾನು ಅಲ್ಲಿಗೆ ಮುಟ್ಟಲೇಬೇಕು. ಇಷ್ಟು ಗಟ್ಟಿಯಾದ ಕಾರಣ ಯಾವ ತರಬೇತಿಯಿಂದಲೂ ನನಗೆ ಸಿಕ್ಕಿರಲಿಲ್ಲ.

ಇನ್ನೂ ಪೂರ್ತಿ ಜೀರ್ಣವಾಗದ ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ತು ಬಿಂಗ್-ಖುನ್

ತಾ.ಕ.: ಓಟಗಾರರನ್ನು ಹುರಿದುಂಬಿಸಲು ತಾವು ತಂಪು ಕಾರಿನಲ್ಲಿ, ಗಾಜು ಏರಿಸಿಕೊಂಡು, ಒಳಗಿನಿಂದಲೇ ಕೈಬೀಸುತ್ತ ಎಲ್ಲ ಟೇಬಲುಗಳನ್ನೂ ದಾಟಿ ಹೋದದ್ದನ್ನು ಕಣ್ಣಾರೆ ಕಂಡೆ. ಆ ದಿನ ಛಿಂಗ್‌ಪೋದ ಹತ್ತು ಕಿಲೋಮೀಟರನ್ನು ಎಲ್ಲೂ ನಿಲ್ಲದೆ ಮುಗಿಸಿದವರು ತಾವೊಬ್ಬರೇ. ಹಾರ್ದಿಕ ಅಭಿನಂದನೆಗಳು. ಓಟ ಮುಗಿಸಿದ್ದಕ್ಕೆ ನನಗೆ ಕೊಟ್ಟ ಪದಕವನ್ನು ಪ್ರತ್ಯೇಕ ಅಂಚೆಯಲ್ಲಿ ತಮಗೆ ಕಳಿಸುತ್ತಿದ್ದೇನೆ. ಅದರ ಮೇಲಿರುವುದು ಸಾಸೇಜಿನ ಎಣ್ಣೆ, ದಯವಿಟ್ಟು ಒರೆಸಿಕೊಳ್ಳಿ.