ಮಣಿಕಟ್ಟು ತಿದ್ದಿದ ಶನಿವಾರ

ಇವತ್ತು ಸೂರ್ಯ ಮುಳುಗುವುದರೊಳಗೆ ನನ್ನ ಎರಡೂ ಮಣಿಕಟ್ಟುಗಳನ್ನು ದಾರಿಗೆ ತಂದೇ ತರುತ್ತೇನೆ ಎಂದು ಮಿಸೊ ಸಾರಿನ ಬಟ್ಟಲು ಎತ್ತಿ ಹಿಡಿದು ಘೋಷಿಸಿದೆ!

"ಮೊದಲು ಹಾಸಿಗೆ ಬಡೀರಿ. ಬಿಸಿಲು ಹೋಗತ್ತೆ," ಎಂದಳು ಹೆಂಡತಿ ಚಿಜುರು.

ನನ್ನ ಸಂಕಟ ಅವಳಿಗೇನು ಗೊತ್ತು! ಮರುದಿನ ನಮ್ಮ ಸೆಕ್ಷನ್ ಮುಖ್ಯಸ್ಥ ಕುರಾಮೊಚಿ ಸಾರ್, ದೊಡ್ಡ ಗಿರಾಕಿ ಅರಿಮುರಾ ಸಾಹೇಬರನ್ನು ಗಾಲ್ಫ್ ಆಡಿಸಲಿದ್ದರು. ಸಾಹೇಬರು ಖುಷಿಯಾದರೆ ವರ್ಷದ ಆರ್ಡರ್ ನಮ್ಮದು. ಜೊತೆಗೆ ನಾನು. ನನ್ನ ಆಟವೋ, ದೇವರಿಗೇ ಪ್ರೀತಿ! ಚೆಂಡು ಸಿಗುವ ಮೊದಲೇ ಮಡಚಿದ ಮಣಿಕಟ್ಟು ಬಿಚ್ಚಿಕೊಂಡು, ಗಾಲ್ಫ್ ಕೋಲು ಕೈಯನ್ನು ಹಿಂದೆ ಹಾಕಿ ಓಡುತ್ತದೆ. ಚೆಂಡು ಕಪ್ಪೆಯಂತೆ ಕುಪ್ಪಳಿಸಿ ಅಲ್ಲೇ ಕೂರುತ್ತದೆ. ಆದರೂ ಕುರಾಮೊಚಿ ಸಾರ್ ಪ್ರತಿ ಸಲ ನನ್ನನ್ನೇ ಆರಿಸುತ್ತಾರೆ. ಭತ್ತದ ಗದ್ದೆಯಿಂದ ಬಂದವನ ಮೇಲೆ ಎಂಥ ನಂಬಿಕೆ! ಅದನ್ನು ಉಳಿಸಿಕೊಳ್ಳಬೇಡವೇ?

ಕಂಪನಿ ಕ್ವಾರ್ಟರ್ಸಿನ ಬಾಲ್ಕನಿಯ ಕಂಬಿಗೆ ಹಾಸಿಗೆ ನೇತುಹಾಕಿ, ಕ್ಲಿಪ್ಪು ಸಿಕ್ಕಿಸಿ, ಬೆತ್ತದ ಬಡಿಗೆ ಹಿಡಿದೆ. ತಕ್ಷಣ ಜ್ಞಾನೋದಯವಾಯಿತು. ಇದೂ ಕೋಲೇ ಅಲ್ಲವೇ!

"ಕೆಳಗಿಂದ ಯಾಕ್ರೀ ಬೀಸ್ತಿದ್ದೀರ? ಹೋಗ್ಬೇಕಾಗಿರೋದು ಧೂಳು, ಹಾಸಿಗೆ ಅಲ್ಲ!"

"ಶ್! ಕೈ ಮುಂದೆ, ಕೋಲು ಹಿಂದೆ. ಕೊನೇ ಗಳಿಗೇಲಿ ಮಣಿಕಟ್ಟು ಬಿಚ್ಚಬೇಕು. ನೋಡ್ತಿರು!"

ಫಟಾರ್! ಸದ್ದು ಬರಬೇಕಾದ ಜಾಗದಲ್ಲೇ ಬಂತು. ಜನ್ಮದಲ್ಲಿ ಮೊದಲ ಸಲ! ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸೊಂಟ ತಿರುಗಿಸಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಕ್ಲಿಪ್ಪುಗಳು ಚಿಮ್ಮಿದವು. ಹಾಸಿಗೆ ಪಲ್ಟಿ ಹೊಡೆದು ಕಂಬಿ ದಾಟಿತು.

"ಫೋರ್!" ಎಂದು ಗಾಲ್ಫ್ ಮೈದಾನದ ಅಭ್ಯಾಸಬಲದಿಂದ ಎಚ್ಚರಿಕೆ ಕೂಗಿದೆ. ತಡವಾಗಿತ್ತು. ಕೆಳಗೆ ಅಂಗಳದಲ್ಲಿ ಮಡಚಿದ ಕೊಡೆಯನ್ನೇ ಗಾಲ್ಫ್ ಕೋಲಾಗಿ ಹಿಡಿದು ಸ್ವಿಂಗ್ ಅಭ್ಯಾಸ ಮಾಡುತ್ತಿದ್ದ ಕುರಾಮೊಚಿ ಸಾರ್ ಹಾಸಿಗೆಯೊಳಗೆ ಮಾಯವಾದರು. ಕೊಡೆಯ ತುದಿ ಮಾತ್ರ ಹೊರಗೆ ಅಲ್ಲಾಡುತ್ತಿತ್ತು. ಚಿಜುರು ಮೇಲಿನಿಂದಲೇ ಹಾಸಿಗೆಗೆ ಬಗ್ಗಿ ಬಗ್ಗಿ ನಮಸ್ಕರಿಸಿದಳು.

ಅವರು ಹಾಸಿಗೆ ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದರು.

"ಏನ್ರೀ ನಿಶಿವಾಕಿ ಇದು?"

ನನ್ನ ಹಣೆ ನೆಲಕ್ಕೆ ತಾಗಿತು. "ಕ್ಷಮಿಸಿ ಸಾರ್! ನಾಳೆ ನಿಮ್ಮ ಮಾನ ಉಳಿಸೋಕೆ ಮಣಿಕಟ್ಟು ಸರಿ ಮಾಡ್ಕೋತಿದ್ದೆ."

ಅವರ ಮುಖ ಬಿಳಿಚಿಕೊಂಡಿತು. "ಸರಿ... ಹೋಯ್ತಾ?"

"ಹೋಯ್ತು ಸಾರ್! ಇನ್ಮೇಲೆ ಚೆಂಡು ಬಾಣ!"

ಹಾಸಿಗೆ ಹೆಗಲಿಂದ ದೊಪ್ಪನೆ ಬಿತ್ತು.

"ಕೆಡಿಸಿಬಿಟ್ರಲ್ರೀ! ಸಾಹೇಬ್ರ ಚೆಂಡು ಯಾವತ್ತಾದ್ರೂ ಮೈದಾನದ ಕೊಳ ದಾಟಿದೆಯಾ? ನಿಮ್ದು ಅದಕ್ಕಿಂತ ಹಿಂದೆ ಬೀಳತ್ತೆ ಅಂತಲೇ ಅವರ ಮುಖ ಅರಳೋದು! ಬೇರೆಯವರು ಬೇಕಂತ ಕೆಟ್ಟದಾಗಿ ಹೊಡೆದ್ರೆ ಅವರಿಗೆ ಗೊತ್ತಾಗತ್ತೆ. ಮನಸ್ಸಿಟ್ಟು ಹೊಡೆದೂ ಅಷ್ಟು ಕೆಟ್ಟದಾಗಿ ಹೊಡೆಯೋರು ಇಡೀ ಸೆಕ್ಷನ್ನಲ್ಲಿ ನೀವೊಬ್ರೇ! ಇನ್ಯಾಕೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ ಅನ್ಕೊಂಡ್ರಿ?"

ನನ್ನ ಹಣೆ ಮತ್ತೆ ನೆಲಕ್ಕೆ ತಾಗಿತು.

"ಆರ್ಡರ್ ಹೋಯ್ತು," ಎಂದು ಅವರು ಬಾಗಿಲಲ್ಲೇ ಕುಸಿದು ಕೂತರು.

ಚಿಜುರು ಅವರ ಮುಂದೆ ಚಹಾ ಇಟ್ಟಳು.

"ಗಾಬರಿ ಆಗ್ಬೇಡಿ ಸಾರ್. ಮದುವೆ ಆದಾಗಿಂದ ಇವರು ಕಲಿತದ್ದನ್ನೆಲ್ಲ ನೋಡಿದ್ದೀನಿ. ಬೆಳಗಾಗೋದ್ರೊಳಗೆ ಪೂರ್ತಿ ಮರೆತಿರ್ತಾರೆ!"