ನಲವತ್ತು ಮಿಲಿಮೀಟರಿನ ಬೇಡಿಕೆ

ಮೂರು ಕಾರ್ಖಾನೆಗಳ ಗೇಟು ಮುಚ್ಚಿಸಿದವನು, ಎರಡರ ಗೇಟು ತೆರೆಸಿದವನು, ಕಂಡ ಕಂಡ ಆಡಳಿತ ಮಂಡಳಿಗಳ ಮೇಜು ಗುದ್ದಿ ಗುದ್ದಿ ಅಂಗೈ ಜಡ್ಡುಗಟ್ಟಿಸಿಕೊಂಡವನು ನಾನು. ಅಂಥವನಿಗೆ ಮನೆಯ ಲೇತ್ ಯಂತ್ರಕ್ಕೆ ಮುಷ್ಟಿಗಾತ್ರದ ಒಂದು ಟೂಲ್ ಪೋಸ್ಟ್ ಆರಿಸುವುದು ಯಾವ ಮಹಾ ಕೆಲಸ? ಮಂಗಳವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿಯೇ ಬಿಟ್ಟೆ:

"ನೋಡ್ತಿರು! ನಾಳೆ ಸಂಜೆಯೊಳಗೆ ಈ ಮನೆ ಲೇತ್‌ಗೆ ಹೊಸ ಯುಗ ಬರುತ್ತೆ!"

"ಯುಗ ಆಮೇಲೆ ಬರಲಿ. ಮೊದಲು ನನ್ನ ಬುಶ್ ಬರಲಿ," ಎಂದಳು ಹೆಂಡತಿ.

ವಿಷಯ ಏನೆಂದರೆ, ಅವಳು ದರ್ಜಿ. ಅವಳ ಹೊಲಿಗೆ ಮಿಷಿನ್ನಿನ ದಂಡ ತಿರುಗುವ ಕಡೆ ಒಂದು ಕಂಚಿನ ಬುಶ್, ಅಂದರೆ ಬೆರಳಿಗೆ ಹಾಕುವ ಉಂಗುರದಂಥ ಕೊಳವೆ ಇರುತ್ತದೆ. ಅದು ಸವೆದು ಮಿಷಿನ್ನು ಗಡಗಡ ನಡುಗುತ್ತಿತ್ತು. ಹೊಲಿಗೆ ಹಾವಿನ ಹಾಗೆ ಓಡುತ್ತಿತ್ತು. ಶುಕ್ರವಾರ ಸಂಜೆಗೆ ಆಸ್ಪತ್ರೆಯ ದಾದಿಯರ ಹದಿನಾಲ್ಕು ಬಿಳಿ ಕೋಟು ಹೊಲಿದು ಒಪ್ಪಿಸಬೇಕು. ತಪ್ಪಿದರೆ ಇನ್ನು ಮುಂದೆ ಆಸ್ಪತ್ರೆಯ ಕೆಲಸವೆಲ್ಲ ಎದುರು ಬೀದಿಯ ದರ್ಜಿಗೆ.

"ಬೀದಿ ಕೊನೆ ಲೇತ್ ಅಂಗಡಿ ಟರ್ನರ್ ಹತ್ರ ಮಾಡಿಸ್ಕೊಂಡು ಬರ್ತೀನಿ," ಎಂದಳು.

"ಮನೇಲಿ ಲೇತ್ ಇಟ್ಕೊಂಡು ಹೊರಗೆ ಹೋಗ್ತೀಯಾ? ಮಾನ ಇದೆಯೇನೇ ನಿಂಗೆ?"

"ಲೇತ್ ಬಂದು ವರ್ಷ ಆಯ್ತು. ಇದುವರೆಗೂ ಅದು ಹೆತ್ತಿದ್ದು ಒಂದು ಬುಗುರಿ. ಅದೂ ನಿಲ್ಲಲ್ಲ."

ಬುಗುರಿ ನಿಲ್ಲದಿದ್ದರೆ ತಪ್ಪು ನನ್ನದಲ್ಲ, ವ್ಯವಸ್ಥೆಯದು! ಲೇತ್ ಮೇಲೆ ಕಡೆಯುವ ಟೂಲನ್ನು ಹಿಡಿದು ನಿಲ್ಲಿಸುವ ಗೂಟಕ್ಕೆ ಟೂಲ್ ಪೋಸ್ಟ್ ಎನ್ನುತ್ತಾರೆ. ನನ್ನದು ಹಳೆಯ ನಾಲ್ಕು ಮೂಲೆಯದು. ಟೂಲಿನ ಮೂತಿ ತಿರುಗುವ ಸರಳಿನ ನಡುಮಟ್ಟಕ್ಕೆ ಸರಿಯಾಗಿ ನಿಲ್ಲಬೇಕು. ಅದಕ್ಕೆ ಪ್ರತಿ ಸಲವೂ ಟೂಲಿನ ಕೆಳಗೆ ತಗಡಿನ ಚೂರು ತುರುಕು, ನೋಡು, ತೆಗೆ, ಇನ್ನೊಂದು ತುರುಕು! ಹೆಂಡತಿಯ ಗುಂಡಿ ಡಬ್ಬಗಳ ಮುಚ್ಚಳಗಳೆಲ್ಲ ಹೀಗೆ ಹುತಾತ್ಮವಾಗಿದ್ದವು.

ಈಗ ಹೊಸ ಥರದ್ದು ಬಂದಿದೆ. ಪ್ರತಿ ಟೂಲಿಗೂ ಅದರದೇ ಹೋಲ್ಡರು. ಪೋಸ್ಟಿಗೆ ಇಳಿಬಿಡು, ಹಿಡಿಕೆ ತಿರುಗಿಸು, ಟಕ್! ಎತ್ತರಕ್ಕೆ ಒಂದು ಪುಟ್ಟ ನಟ್ಟು. ಇದರಲ್ಲೂ ಎರಡು ಜಾತಿ. ಒಂದರಲ್ಲಿ ಒಳಗಿನ ಬೆಣೆ ಹೋಲ್ಡರನ್ನು ತನ್ನ ಕಡೆಗೆ ಎಳೆದು ಬಿಗಿಯುತ್ತದೆ. ಇನ್ನೊಂದರಲ್ಲಿ ಒಳಗಿನ ಗುಂಡು ಅದನ್ನು ಆಚೆಗೆ ತಳ್ಳಿ ಬಿಗಿಯುತ್ತದೆ. ಎಳೆದು ಬಿಗಿಯುವವರು, ತಳ್ಳಿ ಬಿಗಿಯುವವರು! ಕಾರ್ಮಿಕ ಸಂಘಟನೆಯಲ್ಲೂ ನಾನು ಕಂಡಿದ್ದು ಇವೇ ಎರಡು ಜಾತಿಯ ನಾಯಕರನ್ನು. ಯಾವುದು ಗಟ್ಟಿ, ಯಾಕೆ ಗಟ್ಟಿ ಎಂದು ತಿಳಿಯುವ ಹುಚ್ಚಿನಲ್ಲಿ ಮಂಗಳವಾರ ಪೂರ್ತಿ ಓದಿದೆ. ಊಟದ ತಟ್ಟೆಯಲ್ಲಿ ಚಮಚವನ್ನು ಬೆಣೆ ಮಾಡಿ ನೋಡಿದೆ. ಲೋಟ ಬಿತ್ತು.

ಬುಧವಾರ ಯಂತ್ರದ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವನು ಕನ್ನಡಕ ಹಣೆಗೇರಿಸಿ ಕೇಳಿದ: "ಲೇತ್ ಸ್ಲೈಡ್ ಮೇಲಿಂದ ಸೆಂಟರ್‌ವರೆಗೆ ಎತ್ತರ ಎಷ್ಟು ಯಜಮಾನ್ರೇ?"

ಪೋಸ್ಟು ಕೂರುವ ಜಾಗದಿಂದ ಸರಳಿನ ನಡುಮಟ್ಟದವರೆಗೆ ಅಳೆದುಕೊಂಡೇ ಹೋಗಿದ್ದೆ. ಇಪ್ಪತ್ತಾರು ಮಿಲಿಮೀಟರು. ಆದರೆ ನಾಲಿಗೆ ಹಳೆಯದಲ್ಲವೇ! ಜೀವಮಾನದಲ್ಲಿ ಬೇಕಾದಷ್ಟನ್ನೇ ಬಾಯಿಬಿಟ್ಟು ಕೇಳಿದವನಲ್ಲ ನಾನು. ಹತ್ತು ಬೇಕಿದ್ದರೆ ಹದಿನಾರು ಕೇಳು, ಎದುರಿನವನು ಆರಕ್ಕೆ ಎಳೆಯುತ್ತಾನೆ, ಕೂಗಾಡಿ ಹತ್ತಕ್ಕೆ ಒಪ್ಪಿಕೋ. ಇದು ನನ್ನ ರಕ್ತದಲ್ಲೇ ಇದೆ.

"ನಲವತ್ತು!" ಎಂದೆ.

"ಸಣ್ಣ ಲೇತ್ ಅಂದ್ರಿ?"

"ನಲವತ್ತು. ಒಂದು ಮಿಲಿಮೀಟರೂ ಇಳಿಯಲ್ಲ!"

ಅವನು ಎಳೆಯುತ್ತಾನೆ ಎಂದು ತೋಳು ಮಡಚಿ ಕಾದೆ. ಪಾಪಿ, "ಆಯ್ತು" ಎಂದು ಪೆಟ್ಟಿಗೆ ಕೈಗಿಟ್ಟ! ಇಷ್ಟು ಸಲೀಸಾಗಿ ಬೇಡಿಕೆ ಒಪ್ಪಿದ ಎದುರಾಳಿಯನ್ನು ನಾನು ಕಂಡೇ ಇರಲಿಲ್ಲ. ಹೆದರಬೇಕಿತ್ತು. ಗೆದ್ದೆ ಎಂದುಕೊಂಡು ಎದೆಯುಬ್ಬಿಸಿ ಮನೆಗೆ ಬಂದೆ.

ಹೊಸ ಪೋಸ್ಟಿನ ಬೋಲ್ಟು ದಪ್ಪ. ಹಳೆಯ ಪೋಸ್ಟನ್ನು ಲೇತ್‌ಗೆ ಬಿಗಿದಿದ್ದ ಬೋಲ್ಟು ಅಡ್ಡ ಬಂತು. ಅಡ್ಡ ಬಂದವರನ್ನು ಸುಮ್ಮನೆ ಬಿಟ್ಟು ಗೊತ್ತಿಲ್ಲ, ಗರಗಸ ತಂದು ಕತ್ತರಿಸಿ ಎಸೆದೆ. ಹೊಸ ಪೋಸ್ಟು ಪುಟ್ಟ ಲೇತ್ ಮೇಲೆ ಕೂತಾಗ, ಮಗುವಿನ ಮೂರು ಗಾಲಿ ಸೈಕಲ್ ಮೇಲೆ ಪೈಲ್ವಾನ ಕೂತ ಹಾಗಿತ್ತು. ಹಿಡಿಕೆ ತಿರುಗಿಸಿದೆ. ಟಕ್! ಬಿಟ್ಟೆ. ಮತ್ತೆ ಟಕ್! ಆಹಾ! ಹೇಗೆ ಹಿಡಿಯುತ್ತದೆ ಎಂದು ಬಗ್ಗಿ ನೋಡುತ್ತಾ ಇನ್ನೂರು ಸಲವಾದರೂ ಟಕ್ಕೆನಿಸಿದೆ.

"ಅದೇನ್ರೀ, ಹಲ್ಲಿ ಸಾಕಿದ್ದೀರಾ?" ಎನ್ನುತ್ತಾ ಹೆಂಡತಿ ಬಂದಳು.

ಬೆರಳುಗಾತ್ರದ ಕಂಚಿನ ಸರಳು ಸಿಕ್ಕಿಸಿ, ಟೂಲನ್ನು ತೀರಾ ಕೆಳಗೆ ಇಳಿಸಿ, ಮಿಷಿನ್ ಚಾಲು ಮಾಡಿದೆ. ಟೂಲು ಗಾಂಭೀರ್ಯದಿಂದ ಮುಂದೆ ಸರಿಯಿತು. ಸರಳನ್ನು ಮುಟ್ಟಲೇ ಇಲ್ಲ! ಅದರ ನೆತ್ತಿಯ ಮೇಲಿಂದ, ನೆರೆ ನೋಡಲು ಬಂದ ಮಂತ್ರಿಯ ಹೆಲಿಕಾಪ್ಟರಿನ ಹಾಗೆ, ತಣ್ಣಗೆ ಹಾರಿಕೊಂಡು ಹೋಯಿತು.

"ಯಾಕ್ರೀ ಅದು ಮುಟ್ತಾನೇ ಇಲ್ಲ? ಮಡಿಯಾ?"

"ಸ್ವಲ್ಪ ಎತ್ತರ ಆಗಿದೆ. ಸರಳು ದಪ್ಪ ಇದ್ದಿದ್ರೆ ಸಿಗ್ತಿತ್ತು."

"ಹಾಗಾದ್ರೆ ನನ್ನ ಮಿಷಿನ್‌ಗೆ ಒನಕೆ ಗಾತ್ರದ ಬುಶ್ ಹಾಕೋಣ್ವಾ?"

ಹೋಲ್ಡರಿನ ಅಡಿಯನ್ನೇ ಅರದಿಂದ ಉಜ್ಜಿದೆ. ಅರ ನುಣ್ಣಗಾಯಿತು, ಹೋಲ್ಡರು ನಕ್ಕಿತು. ಲೇತ್‌ನ ಸ್ಲೈಡನ್ನೇ ಕೆತ್ತಿ ತಗ್ಗಿಸಿದರೆ ಹೇಗೆ ಎಂದು ಉಳಿ ಕೈಗೆತ್ತಿಕೊಂಡಾಗ ಅವಳು ಕಿತ್ತುಕೊಂಡಳು.

"ಇದನ್ನ ರಿಪೇರಿ ಮಾಡೋಕೆ ಇನ್ನೊಂದು ಲೇತ್ ಬೇಕಾಗುತ್ತೆ! ಹಳೇ ಗೂಟಾನೇ ಹಾಕಿ, ನನ್ನ ಕೆಲಸ ಮುಗಿಸ್ಕೊಡಿ."

"ಹಾಕ್ಬಹುದಿತ್ತು... ಬೋಲ್ಟ್ ಕತ್ತರಿಸ್ಬಿಟ್ಟೆ."

ಅವಳು ಒಳಗೆ ಹೋಗಿ ಕತ್ತರಿಸಿಟ್ಟ ಹದಿನಾಲ್ಕು ಕೋಟಿನ ಬಟ್ಟೆಯನ್ನು ಒಂದೊಂದಾಗಿ ಎಣಿಸಿ, ಮತ್ತೆ ಮಡಚಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗುರುವಾರ ಬೆಳಿಗ್ಗೆ ನನ್ನೊಳಗಿನ ಹೋರಾಟಗಾರ ಎದ್ದು ಕೂತ. ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ಸರಿಯಾದ ಅಳತೆ ನಮ್ಮ ಹಕ್ಕು!" ಎಂದು ಬರೆದು, ಅಂಗಡಿಯೊಳಗೆ ನುಗ್ಗಿ, ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಧರಣಿ ಕೂತೆ. ಅಂಗಡಿಯವನು ಬಗ್ಗಿ, ಫಲಕವನ್ನು ಎರಡು ಸಲ ಓದಿದ.

"ಯಜಮಾನ್ರೇ, ನಿನ್ನೆ ನಾನು ನಿಮ್ಮನ್ನ ಕೇಳಿದ್ದೂ ಇದನ್ನೇ ಅಲ್ವಾ?"

"ನಾನು ಹೆಚ್ಚು ಹೇಳಿದ್ರೆ ನೀವು ಕಮ್ಮಿ ಮಾಡ್ಬೇಕಿತ್ತು! ಅದು ಮಾತುಕತೆಯ ಪದ್ಧತಿ!"

"ಕಬ್ಬಿಣ ಚೌಕಾಸಿ ಮಾಡಲ್ಲ ಸ್ವಾಮಿ. ನಿಜ ಹೇಳಿ, ಎಷ್ಟು?"

ಸುತ್ತ ಗಿರಾಕಿಗಳು ಸೇರಿದ್ದರು. ಗಂಟಲು ಸರಿಮಾಡಿಕೊಂಡು, "ಮೂವತ್ತು," ಎಂದೆ. ಅವನು ದಿಟ್ಟಿಸಿದ. "ಇಪ್ಪತ್ತೆಂಟು." ಇನ್ನೂ ದಿಟ್ಟಿಸಿದ. "ಇಪ್ಪತ್ತಾರು! ಆಣೆ ಮಾಡಿ ಹೇಳ್ತೀನಿ!"

"ಆ ಸೈಜು ಮುಂದಿನ ವಾರ ಬರುತ್ತೆ. ಬದಲಾಯಿಸಿಕೊಡ್ತೀನಿ, ಏಳಿ."

"ನಂಗೆ ಇವತ್ತೇ ಬೇಕು! ಸಿಗೋವರೆಗೂ ಏಳಲ್ಲ!"

ಬೆಂಬಲಕ್ಕೆ ಜನರತ್ತ ನೋಡಿದೆ. ನಲ್ಲಿ ರಿಪೇರಿಯವನೊಬ್ಬ ಪೆಟ್ಟಿಗೆಯಲ್ಲಿದ್ದ ಪೋಸ್ಟನ್ನು ಕೈಗೆತ್ತಿಕೊಂಡು, "ಇದು ಎಳೆಯೋದಾ ತಳ್ಳೋದಾ?" ಎಂದ. ತಡೆಯಲಾಗಲಿಲ್ಲ, ವಿವರಿಸಿದೆ. ಅವನು ಟಕ್ಕೆನಿಸಿದ. ಪಕ್ಕದವನೂ ಟಕ್ಕೆನಿಸಿದ. ಮಧ್ಯಾಹ್ನದ ಹೊತ್ತಿಗೆ ಧರಣಿ ಹೋಗಿ ವಿಚಾರ ಸಂಕಿರಣವಾಗಿತ್ತು! ಘೋಷಣೆ ಕೂಗಲು ಒಬ್ಬನೂ ಇಲ್ಲ, ಪ್ರಶ್ನೆ ಕೇಳಲು ಒಂಬತ್ತು ಜನ.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಹೆಂಡತಿ ಬಂದಳು. ಎದೆ ಉಬ್ಬಿತು. ಕೊನೆಗೂ ಮನೆಯವಳು ಹೋರಾಟಕ್ಕೆ ಧುಮುಕಿದಳು! ಅವಳು ನನ್ನ ಕಡೆ ನೋಡಲೂ ಇಲ್ಲ. ಸವೆದ ಬುಶ್ಶನ್ನು ಅಂಗಡಿಯವನ ಮುಂದಿಟ್ಟಳು.

"ಟರ್ನರ್ ಹತ್ರ ಹೋಗಿದ್ದೆ ಅಣ್ಣಾ. ಇಷ್ಟಕ್ಕೆಲ್ಲ ಲೇತ್ ಯಾಕಮ್ಮಾ, ಅಂಗಡೀಲಿ ರೆಡಿ ಸಿಗುತ್ತೆ ಅಂದ. ಇದೆಯಾ?"

ಅಂಗಡಿಯವನು ಬುಶ್ಶಿನ ಒಳಗೊಂದು, ಹೊರಗೊಂದು ಅಳತೆ ತೆಗೆದ. "ಇದೆ ಅಕ್ಕಾ. ಎಷ್ಟು ಬೇಕು?"

"ಒಂದು."

ಒಂದು ಬೇಕಿದ್ದವಳು ಒಂದು ಎಂದಳು! ಹಾಗೂ ಕೇಳಬಹುದೇ!

"ಯಜಮಾನ್ರೇ, ಸ್ವಲ್ಪ ಸರೀರಿ," ಎಂದ ಅಂಗಡಿಯವನು. "ಬುಶ್ ಡ್ರಾಯರ್ ನಿಮ್ಮ ಬೆನ್ನ ಹಿಂದೆ ಇದೆ."

ನಾಲ್ಕು ಜನ ಪೊಲೀಸರು ಕೈಕಾಲು ಹಿಡಿದು ಎತ್ತಿ ವ್ಯಾನಿಗೆ ಎಸೆದದ್ದುಂಟು. ನಾನಾಗಿ ಎಂದೂ ಜಾಗ ಬಿಟ್ಟವನಲ್ಲ. ಅಂದು ಕುಂಡೆ ಎತ್ತಿ, ಎರಡು ಅಡಿ ಪಕ್ಕಕ್ಕೆ ಸರಿದೆ. ಡ್ರಾಯರ್ ಸರ್ರೆಂದು ತೆರೆಯಿತು. ಒಳಗೆ ಸಾಲು ಸಾಲಾಗಿ, ಫಳಫಳ ಹೊಳೆಯುತ್ತಾ, ಬುಶ್ಶೋ ಬುಶ್ಶು! ಬೆಳಗ್ಗಿನಿಂದ ನನ್ನ ಬೆನ್ನಿಗೆ ಒತ್ತುತ್ತಿದ್ದದ್ದು ಅದರ ಹಿಡಿಕೆ.

"ಅಲ್ಲಯ್ಯಾ, ಇದಿಲ್ಲೇ ಇದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

ಅವನು ಬುಶ್ಶನ್ನು ಕಾಗದದಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟು ಹೇಳಿದ:

"ನಿಮ್ಮ ಬೇಡಿಕೆ ಪಟ್ಟೀಲಿ ಇರ್ಲಿಲ್ವಲ್ಲ ಯಜಮಾನ್ರೇ!"